ಇನ್ನೂರು ಬೈತ್‌ಗಳ ನಿಸಾಬ್: ಮಕ್ಕಳಿಗೆ ಎರಡು ಭಾಷೆ ಕಲಿಸಿದ ಪುಸ್ತಕಗಳ ಚರಿತ್ರೆ

ನಿಸಾಬ್ ಎಂಬ ಪದ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕೇಳಿಬರುವುದು ರಮಝಾನ್ ತಿಂಗಳಲ್ಲಿ. ಝಕಾತ್ ಕಡ್ಡಾಯವಾಗಲು ಒಬ್ಬನ ಬಳಿ ಇರಬೇಕಾದ ಕನಿಷ್ಠ ಸಂಪತ್ತಿನ ಮಿತಿ ಅದು. ಬೆಳ್ಳಿಯ ಲೆಕ್ಕದಲ್ಲಿ 200 ದಿರ್ಹಮ್. ಇದೇ ಪದವನ್ನು ಹೆಸರಿನಲ್ಲಿ ಹೊತ್ತ ಮಕ್ಕಳ ಪುಸ್ತಕವೊಂದಿತ್ತು ಎಂಬುದು ಇಂದು ಹೆಚ್ಚಿನ ಪೋಷಕರಿಗೆ ತಿಳಿದಿಲ್ಲ. ಅದರ ಹೆಸರು ‘ನಿಸಾಬುಸ್ಸಿಬ್ಯಾನ್’, ಅಂದರೆ ಮಕ್ಕಳ ನಿಸಾಬ್. ಬರೆದವರು ಇಂದಿನ ಅಫ್ಘಾನಿಸ್ತಾನದ ಫರಾಹ್ ಪ್ರದೇಶದ ಅಬೂ ನಸ್ರ್ ಫರಾಹೀ. ಹಿಜರಿ ಏಳನೆಯ, ಅಂದರೆ ಕ್ರಿಸ್ತಶಕ 13ನೆಯ ಶತಮಾನದ ವಿದ್ವಾಂಸರು. ಹುಟ್ಟಿನಿಂದಲೇ ಅವರಿಗೆ ಕಣ್ಣು ಕಾಣುತ್ತಿರಲಿಲ್ಲವೆಂದು ಹೇಳಲಾಗುತ್ತದೆ. ಇಮಾಮ್ ಮುಹಮ್ಮದ್ ಶೈಬಾನಿಯವರ ‘ಅಲ್‌ಜಾಮಿಉಸ್ಸಗೀರ್’ ಎಂಬ ಪ್ರಸಿದ್ಧ ಫಿಕ್‌ಹ್ ಗ್ರಂಥವನ್ನು ಪದ್ಯರೂಪಕ್ಕೆ ತಂದವರೂ ಇವರೇ. ಅಂತಹ ಒಬ್ಬ ಆಲಿಮ್ ಮಕ್ಕಳಿಗಾಗಿ ಪದಗಳ ಪಟ್ಟಿಯೊಂದನ್ನು ಹೆಣೆಯಲು ಕುಳಿತರು ಎಂಬ ಸಂಗತಿಯೇ ನನ್ನನ್ನು ಮೊದಲು ಈ ವಿಷಯದತ್ತ ಸೆಳೆಯಿತು.

ಪುಸ್ತಕದಲ್ಲಿ 200 ಬೈತ್‌ಗಳು. ಝಕಾತ್‌ನ 200 ದಿರ್ಹಮ್‌ಗಳಿಗೆ ಸರಿಸಮನಾಗಿ 200 ದ್ವಿಪದಿಗಳು. ಹೆಸರಿನ ಗುಟ್ಟು ಅದು. (ಮುಂದೆ ಪ್ರತಿಮಾಡಿದವರು ಅಲ್ಲಲ್ಲಿ ತಮ್ಮದನ್ನೂ ಸೇರಿಸಿದ್ದರಿಂದ ಎಷ್ಟೋ ಪ್ರತಿಗಳಲ್ಲಿ ಬೈತ್‌ಗಳ ಸಂಖ್ಯೆ ಬೆಳೆದಿದೆ.) ಒಂದೊಂದು ಬೈತ್‌ನಲ್ಲಿಯೂ ಅರಬಿ ಪದಗಳು, ಅವುಗಳ ಪಕ್ಕದಲ್ಲಿಯೇ ಫಾರ್ಸಿ ಅರ್ಥಗಳು. ಪದ್ಯಗಳನ್ನು ಬೇರೆ ಬೇರೆ ಛಂದಸ್ಸಿನ ಗುಚ್ಛಗಳಾಗಿ ಜೋಡಿಸಿ, ಆ ಛಂದಸ್ಸಿನ ಹೆಸರನ್ನೂ ಅಲ್ಲೇ ತಿಳಿಸಲಾಗಿದೆ. ಹೀಗಾಗಿ ಮಗು ಪದ ಕಲಿಯುತ್ತಲೇ ಲಯವನ್ನೂ ಕಲಿಯುತ್ತದೆ. ನಡುನಡುವೆ ತಿಂಗಳುಗಳ ಹೆಸರುಗಳು, ಪ್ರವಾದಿ(ಸ)ಯವರ ಪತ್ನಿಯರ ಮತ್ತು ಮಕ್ಕಳ ಹೆಸರುಗಳು ಬರುತ್ತವೆ. ಕನ್ನಡ ಸಾಹಿತ್ಯವನ್ನು ಓದಿದವರಿಗೆ ಇದು ಅಪರಿಚಿತ ವಿಧಾನವಲ್ಲ. ‘ಅಮರಕೋಶ’ವನ್ನು ಬಾಯಿಪಾಠ ಮಾಡುತ್ತಿದ್ದ ನಾಡು ನಮ್ಮದು, ಸಂಸ್ಕೃತ ಪದಗಳಿಗೆ ಕನ್ನಡದ ಅರ್ಥವನ್ನು ಪದ್ಯದಲ್ಲಿ ಕೊಟ್ಟ ನಾಗವರ್ಮನ ‘ಅಭಿಧಾನವಸ್ತುಕೋಶ’ ನಮ್ಮ ಬಿ.ಎ. ತರಗತಿಗಳಲ್ಲಿ ಹೆಸರಾಗಿಯಾದರೂ ಬಂದೇ ಬರುತ್ತದೆ. ಕಾಗದ ದುಬಾರಿಯಾಗಿದ್ದ ಕಾಲದಲ್ಲಿ ಮಕ್ಕಳ ನಾಲಗೆಯೇ ಪುಸ್ತಕದ ಕಪಾಟು.

ಫರಾಹೀಯವರ ಎದುರಿಗಿದ್ದ ಪರಿಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಿ. ಮಗುವಿನ ಮನೆಮಾತು ಫಾರ್ಸಿ. ಅದು ಓದಬೇಕಾದ ಕುರ್‌ಆನ್, ಹದೀಸ್, ಫಿಕ್‌ಹ್ ಎಲ್ಲವೂ ಅರಬಿಯಲ್ಲಿವೆ. ಗ್ರಂಥದ ಭಾಷೆಯನ್ನು ಗ್ರಂಥದ ಭಾಷೆಯಲ್ಲಿಯೇ ಕಲಿಸುತ್ತೇನೆಂದು ಅವರು ಹಟ ಹಿಡಿಯಲಿಲ್ಲ. ಮನೆಮಾತನ್ನೇ ಮೆಟ್ಟಿಲು ಮಾಡಿಕೊಂಡರು. ಈ ಮಾತನ್ನು ನಾನಿಲ್ಲಿ ಒತ್ತಿ ಹೇಳುವುದಕ್ಕೆ ಕಾರಣವಿದೆ. ಮದ್ರಸಕ್ಕೆ ಮಗುವನ್ನು ಸೇರಿಸಲು ಬರುವ ತಂದೆತಾಯಂದಿರು ನನ್ನೊಡನೆ ತೋಡಿಕೊಳ್ಳುವ ಅಳಲು ಬಹುತೇಕ ಒಂದೇ: “ಮನೆಯಲ್ಲೊಂದು ಭಾಷೆ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಸಾಲದ್ದಕ್ಕೆ ಹಿಂದಿ, ಇಲ್ಲಿ ಅರಬಿ. ಮಗುವಿನ ತಲೆ ತಡೆದೀತೇ ಉಸ್ತಾದ್?” ಅವರ ಕಳವಳ ಸುಳ್ಳಲ್ಲ. ಆದರೆ ಹೊರೆಯಾಗುವುದು ಭಾಷೆಗಳ ಸಂಖ್ಯೆಯಲ್ಲ, ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ನಾವು ಅವುಗಳನ್ನು ಬೇರೆ ಬೇರೆ ಕೋಣೆಗಳಲ್ಲಿಟ್ಟು ಬೀಗ ಹಾಕಿರುವುದು ಎಂದು ನನಗನಿಸುತ್ತದೆ.

ಒಂದಕ್ಕಿಂತ ಹೆಚ್ಚು ಭಾಷೆ ಕಲಿಯುವುದು ನಮ್ಮ ಚರಿತ್ರೆಗೆ ಹೊಸದೂ ಅಲ್ಲ. ಪ್ರವಾದಿ(ಸ)ಯವರು ಮದೀನಾಕ್ಕೆ ಬಂದಾಗ ಹನ್ನೊಂದು ವರ್ಷದ ಬಾಲಕರಾಗಿದ್ದ ಝೈದ್ ಬಿನ್ ಸಾಬಿತ್(ರ), ಮುಂದೆ ಪ್ರವಾದಿ(ಸ)ಯವರ ಆದೇಶದಂತೆ ಯಹೂದಿಯರ ಬರಹವನ್ನು ಕಲಿತರು. ಅರ್ಧ ತಿಂಗಳಲ್ಲಿಯೇ ಅದು ಕೈವಶವಾಯಿತೆಂದು ಅವರಿಂದ ವರದಿಯಾಗಿದೆ. ಕುರ್‌ಆನ್‌ನ ಸಂಗ್ರಹಕಾರ್ಯದ ಹೊಣೆಯನ್ನು ಹೊತ್ತವರು ಅವರೇ. ಇನ್ನೊಂದು ಭಾಷೆಯ ಅಕ್ಷರ ಕಲಿತದ್ದರಿಂದ ಅವರ ಅರಬಿ ಮಂಕಾಗಲಿಲ್ಲ.

ಹಾಗೆಂದು ನಮ್ಮ ಹಿರಿಯರೆಲ್ಲರೂ ಮಕ್ಕಳ ಶಿಕ್ಷಣದ ಬಗ್ಗೆ ಒಂದೇ ಮಾತು ಹೇಳಿದರೆಂದು ಭಾವಿಸಬೇಕಾಗಿಲ್ಲ. 1377ರಲ್ಲಿ ರಚನೆಯಾದ ‘ಮುಕದ್ದಿಮಾ’ದಲ್ಲಿ ಇಬ್ನು ಖಲ್ದೂನ್ ಬೇರೆ ಬೇರೆ ನಾಡುಗಳ ಕ್ರಮವನ್ನು ಹೋಲಿಸಿ ನೋಡಿದ್ದಾರೆ. ಮಗ್ರಿಬ್‌ನಲ್ಲಿ ಮಕ್ಕಳಿಗೆ ಕುರ್‌ಆನ್ ಮತ್ತು ಅದರ ಲಿಪಿಯನ್ನು ಬಿಟ್ಟು ಬೇರೇನನ್ನೂ ಬೆರೆಸುತ್ತಿರಲಿಲ್ಲ. ಅಂದಲುಸ್‌ನಲ್ಲಿ ಓದುಬರಹವೇ ತಳಪಾಯ. ಕಾವ್ಯ, ವ್ಯಾಕರಣ, ಸುಂದರ ಕೈಬರಹ ಎಲ್ಲವೂ ಜೊತೆಯಲ್ಲಿ ಸಾಗುತ್ತಿದ್ದವು. ಮಗ್ರಿಬ್‌ನ ಕ್ರಮದಲ್ಲಿ ಬೆಳೆದವರಿಗೆ ಭಾಷೆಯ ಮೇಲೆ ಹಿಡಿತ ಕಡಿಮೆಯಾಯಿತು ಎಂಬುದು ಇಬ್ನು ಖಲ್ದೂನ್ ಅವರ ನಿಷ್ಠುರವಾದ ಅಭಿಪ್ರಾಯ. ಇಲ್ಲಿಯೇ ಅವರು ಸೆವಿಲ್ಲೆಯ ಕಾಝಿ ಅಬೂ ಬಕ್ರ್ ಇಬ್ನುಲ್ ಅರಬಿಯವರ ಸಲಹೆಯೊಂದನ್ನು ಉಲ್ಲೇಖಿಸುತ್ತಾರೆ: ಮೊದಲು ಭಾಷೆ ಮತ್ತು ಕಾವ್ಯ, ಬಳಿಕ ಲೆಕ್ಕ, ಆ ಮೇಲೆ ಕುರ್‌ಆನ್. ಅರ್ಥವಾಗದ್ದನ್ನು ಮಗುವಿನಿಂದ ಓದಿಸುವುದರ ಬಗ್ಗೆ ಕಾಝಿಯವರಿಗೆ ಅಸಮಾಧಾನವಿತ್ತು. ಇಬ್ನು ಖಲ್ದೂನ್ ಈ ಸಲಹೆಯನ್ನು ಒಳ್ಳೆಯದೆಂದು ಹೊಗಳುತ್ತಾರೆ, ಆದರೆ ರೂಢಿ ಇದಕ್ಕೆ ಒಗ್ಗದು ಎನ್ನುತ್ತಾರೆ. ಅವರು ಕೊಡುವ ಕಾರಣ ಯಾವ ತಂದೆಗಾದರೂ ಅರ್ಥವಾಗುವಂಥದ್ದು. ಮಗು ಹಿರಿಯರ ಮಾತು ಕೇಳುವುದು ಚಿಕ್ಕಂದಿನಲ್ಲಿ ಮಾತ್ರ. ಪ್ರಾಯಕ್ಕೆ ಬಂದ ಮೇಲೆ ಯೌವನದ ಗಾಳಿ ಅದನ್ನು ಎಲ್ಲಿಗೆ ಕೊಂಡೊಯ್ಯುವುದೋ ತಿಳಿಯದು. ಆದ್ದರಿಂದ ಕೈಯಲ್ಲಿರುವಾಗಲೇ ಕುರ್‌ಆನ್ ಕಲಿಸಿಬಿಡೋಣ ಎಂಬ ಆತಂಕ. ಮಗು ಓದನ್ನು ಮುಂದುವರಿಸುವುದು ಖಚಿತವಿದ್ದರೆ ಕಾಝಿಯವರ ಮಾರ್ಗವೇ ಉತ್ತಮವೆಂದು ಅವರು ಒಪ್ಪುತ್ತಾರೆ. ಈ ಇಬ್ಬರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ಎಳೆಯ ವಯಸ್ಸಿನಲ್ಲಿಯೇ ಕುರ್‌ಆನ್ ಓದಿಸುವ ಕ್ರಮದಲ್ಲಿ ಬೆಳೆದವನು ನಾನು, ಅದನ್ನೇ ಕಲಿಸುತ್ತಿರುವವನೂ ಹೌದು. ಆದರೆ ಓದಿಸುತ್ತಲೇ ಒಂದೊಂದು ಪದದ ಅರ್ಥವನ್ನು ಮಗುವಿನ ಮಾತಿನಲ್ಲಿ ಹೇಳುತ್ತ ಹೋದರೆ ಕಾಝಿಯವರ ಅಸಮಾಧಾನವೂ ಇಬ್ನು ಖಲ್ದೂನ್ ಅವರ ಆತಂಕವೂ ಒಟ್ಟಿಗೆ ಎಷ್ಟೋ ಪಾಲು ಕರಗುತ್ತವೆ. ನಿಸಾಬ್ ಪುಸ್ತಕಗಳು ಮಾಡಿದ್ದು ಸರಿಸುಮಾರು ಇದನ್ನೇ.

ಭಾರತಕ್ಕೆ ಬಂದಾಗ ಮೆಟ್ಟಿಲು ಬದಲಾಯಿತು. ಇಲ್ಲಿಯ ಮಗುವಿಗೆ ಫಾರ್ಸಿಯೇ ಕಲಿಯಬೇಕಾದ ಭಾಷೆ, ಮನೆಮಾತು ಹಿಂದವಿ. ಆಗ ಹುಟ್ಟಿದ್ದು ‘ಖಾಲಿಕ್ ಬಾರಿ’. ಅರಬಿ, ಫಾರ್ಸಿ ಪದಗಳಿಗೆ ಹಿಂದವಿಯ ಅರ್ಥ ಕೊಡುವ ಪದ್ಯಮಾಲೆ ಅದು. ಜನ ಅದನ್ನು ಅಮೀರ್ ಖುಸ್ರೋ ಅವರದೆಂದೇ ನಂಬಿದ್ದರು. ವಿದ್ವಾಂಸ ಹಾಫಿಝ್ ಮಹಮೂದ್ ಶೀರಾನಿಯವರು ಅದು ಜಹಾಂಗೀರನ ಕಾಲದ ಬೇರೊಬ್ಬ ಖುಸ್ರೋ ಅವರ ರಚನೆಯೆಂದು ವಾದಿಸಿದರು. ಯಾರದೇ ಆಗಲಿ, ಉತ್ತರ ಭಾರತದ ಮಕ್ತಬ್‌ಗಳಲ್ಲಿ ತಲೆಮಾರುಗಳ ಮಕ್ಕಳು ಅದನ್ನು ಕಂಠಪಾಠ ಮಾಡಿದರು.

ಮಿರ್ಝಾ ಗಾಲಿಬ್‌ರನ್ನು ನಾವು ಗಝಲ್‌ಗಳಿಂದ ಬಲ್ಲೆವು. ಅವರು ‘ಕಾದಿರ್ ನಾಮಾ’ ಎಂಬ ಮಕ್ಕಳ ಪುಸ್ತಕ ಬರೆದಿದ್ದಾರೆಂದರೆ ಹಲವರಿಗೆ ಆಶ್ಚರ್ಯ. ಗಾಲಿಬ್‌ಗೆ ಹುಟ್ಟಿದ ಏಳು ಮಕ್ಕಳಲ್ಲಿ ಒಂದೂ ಉಳಿಯಲಿಲ್ಲ. ಪತ್ನಿಯ ಸೋದರಿಯ ಮಗ ಆರಿಫ್‌ನನ್ನು ಮಗನಂತೆ ಕಂಡರು. ಆತನೂ 1852ರಲ್ಲಿ ಎಳೆಯ ಪ್ರಾಯದಲ್ಲಿಯೇ ತೀರಿಕೊಂಡ. ಆತನ ಇಬ್ಬರು ಗಂಡುಮಕ್ಕಳು, ಬಾಕಿರ್ ಅಲಿ ಮತ್ತು ಹುಸೈನ್ ಅಲಿ, ಗಾಲಿಬ್‌ರ ಮನೆಯಲ್ಲಿ ಬೆಳೆದರು. ‘ಕಾದಿರ್ ನಾಮಾ’ ಈ ಇಬ್ಬರಿಗಾಗಿ ಬರೆದದ್ದೆಂದು ಹೇಳಲಾಗುತ್ತದೆ. ಅರಬಿ, ಫಾರ್ಸಿ ಪದಗಳಿಗೆ ಸರಳವಾದ ಉರ್ದು ಅರ್ಥ. ತಮ್ಮ ಫಾರ್ಸಿ ಪಾಂಡಿತ್ಯದ ಬಗ್ಗೆ ಅಷ್ಟೊಂದು ಅಭಿಮಾನವಿದ್ದ ಕವಿ, ಐವತ್ತು ದಾಟಿದ ಮೇಲೆ, ತಬ್ಬಲಿ ಮಕ್ಕಳಿಗೆ ಉರ್ದುವಿನಲ್ಲಿ ಪದಗಳ ಅರ್ಥ ಹೇಳುತ್ತ ಕುಳಿತ ದೃಶ್ಯವೇ ನನಗೆ ಅವರ ಎಷ್ಟೋ ಗಝಲ್‌ಗಳಿಗಿಂತ ಹತ್ತಿರವಾದದ್ದು.

ಧಾರ್ಮಿಕ ಗ್ರಂಥಗಳಲ್ಲಿಯೂ ಇದೇ ಪಯಣ ಕಾಣುತ್ತದೆ. ಶಾಹ್ ವಲಿಯುಲ್ಲಾಹ್ ದೆಹ್ಲವಿಯವರು 1738ರ ಸುಮಾರಿಗೆ ಕುರ್‌ಆನನ್ನು ಫಾರ್ಸಿಗೆ ಅನುವಾದಿಸಿದರು. ಅದರ ಮುನ್ನುಡಿಯಲ್ಲಿ ಅವರು ಮನಸ್ಸಿನಲ್ಲಿಟ್ಟುಕೊಂಡ ಓದುಗರಲ್ಲಿ ಕುಶಲಕರ್ಮಿಗಳ ಮತ್ತು ಸೈನಿಕರ ಮಕ್ಕಳೂ ಇದ್ದಾರೆ. ಅರಬಿ ವಿದ್ಯೆಗಳನ್ನು ಪೂರ್ತಿ ಕಲಿಯುವ ಬಿಡುವಿಲ್ಲದ, ದುಡಿಮೆಗೆ ಇಳಿಯಲೇಬೇಕಾದ ಮನೆಗಳ ಮಕ್ಕಳು. ಸುಮಾರು ಐವತ್ತು ವರ್ಷ ಕಳೆಯುವಷ್ಟರಲ್ಲಿ, 1790ರಲ್ಲಿ, ಅವರ ಮಗ ಶಾಹ್ ಅಬ್ದುಲ್ ಕಾದಿರ್ ಉರ್ದು ಅನುವಾದವನ್ನು ಪೂರೈಸಿದರು. ತಂದೆಯ ಕೆಲಸ ವ್ಯರ್ಥವಾಗಿರಲಿಲ್ಲ. ಬೀದಿಯ ಮಾತು ಬದಲಾಗಿತ್ತು, ಆದ್ದರಿಂದ ಪುಸ್ತಕದ ಮಾತೂ ಬದಲಾಯಿತು.

ಇದು ಭಾರತಕ್ಕೆ ಮಾತ್ರ ಸೀಮಿತವಲ್ಲ. ಉಸ್ಮಾನಿಯಾ ಸಾಮ್ರಾಜ್ಯದಲ್ಲಿ ಇಬ್ರಾಹೀಮ್ ಶಾಹಿದಿ ಎಂಬವರು 16ನೆಯ ಶತಮಾನದ ಆರಂಭದಲ್ಲಿ ಫಾರ್ಸಿ ಪದಗಳಿಗೆ ತುರ್ಕಿ ಅರ್ಥವನ್ನು ಪದ್ಯದಲ್ಲಿ ಕೊಟ್ಟರು. ಆ ಪುಸ್ತಕ ದೂರದ ಬೋಸ್ನಿಯಾಕ್ಕೂ ತಲುಪಿತು. ಅಲ್ಲಿಯ ಮುಸ್ಲಿಮ್ ಮಕ್ಕಳ ಮನೆಮಾತು ತುರ್ಕಿಯಲ್ಲ, ಬೋಸ್ನಿಯನ್. ತುಝ್ಲಾ ಪಟ್ಟಣದ ಸಮೀಪದವರಾದ ಮುಹಮ್ಮದ್ ಹವಾಯಿ ಉಸ್ಕೂಫಿ ಎಂಬ ಯುವ ಕವಿಗೆ, ಎಲ್ಲ ಭಾಷೆಗಳಿಗೂ ಇಂತಹ ನಿಘಂಟು ಇದೆ, ನಮ್ಮ ಭಾಷೆಗೇಕೆ ಇಲ್ಲ ಎಂಬ ಕೊರಗು ಹುಟ್ಟಿತು. 1631ರಲ್ಲಿ ಅವರು ‘ಮಕ್ಬೂಲೆ ಆರಿಫ್’ ಎಂಬ ಬೋಸ್ನಿಯನ್-ತುರ್ಕಿ ಪದ್ಯ ನಿಘಂಟನ್ನು ಬರೆದು ಮುಗಿಸಿದರು. ಬೋಸ್ನಿಯನ್ ಭಾಷೆಯ ಮೊದಲ ನಿಘಂಟು ಎಂಬ ಗೌರವ ಇಂದು ಅದಕ್ಕಿದೆ.

ನಮ್ಮ ನೆರೆಯ ಮಲಬಾರಿನವರು ಇನ್ನೊಂದು ದಾರಿ ಹಿಡಿದರು. ಮಲಯಾಳವನ್ನು ಅರಬಿ ಲಿಪಿಯಲ್ಲಿ ಬರೆಯುವ ಅರಬಿ-ಮಲಯಾಳ ಅವರಲ್ಲಿ ಬೆಳೆಯಿತು. ಕೋಝಿಕ್ಕೋಡಿನ ಕಾಝಿ ಮುಹಮ್ಮದ್ 1607ರಲ್ಲಿ ರಚಿಸಿದ ‘ಮುಹ್ಯಿದ್ದೀನ್ ಮಾಲೆ’ ಅದರ ಹಳೆಯ ಪ್ರಸಿದ್ಧ ಕೃತಿ. ಒಂದೇ ಲಿಪಿ ಕಲಿತ ಮಗುವಿಗೆ ಅರಬಿಯೂ ತನ್ನ ಮಾತೂ ಎರಡೂ ಓದಲು ಬರುತ್ತಿದ್ದವು. ಮನೆಯ ಹೆಣ್ಣುಮಕ್ಕಳೂ ಓದಬಲ್ಲವರಾದರು. ದಕ್ಷಿಣ ಕನ್ನಡದ ಬ್ಯಾರಿ ಮುಸ್ಲಿಮರ ಮದ್ರಸಗಳಲ್ಲಿಯೂ ಬಹುಕಾಲ ಅರಬಿ-ಮಲಯಾಳದ ಪಠ್ಯಗಳೇ ನಡೆದವು. ಕರ್ನಾಟಕದ ಉಳಿದ ಭಾಗಗಳಲ್ಲಿ ಆ ಸ್ಥಾನ ಹೆಚ್ಚಾಗಿ ಉರ್ದು ಪಠ್ಯಗಳದ್ದಾಗಿತ್ತು.

ಆ ಪಠ್ಯಗಳಿಗೆ ನಾವು ಋಣಿಗಳು. ಆದರೆ ಕಳೆದ ವರ್ಷ ನಡೆದ ಒಂದು ಸಣ್ಣ ಸಂಗತಿಯನ್ನು ಹೇಳದಿರಲಾರೆ. ತಾಯಿಯೊಬ್ಬರು ಮಗನ ದೀನಿಯಾತ್ ಪುಸ್ತಕವನ್ನು ಹಿಡಿದುಕೊಂಡು ಬಂದರು. ಉರ್ದು ಅವರ ಮನೆಮಾತು. ಆದರೆ ಓದಿದ್ದೆಲ್ಲ ಕನ್ನಡ ಶಾಲೆಯಲ್ಲಿ. “ಪುಸ್ತಕದಲ್ಲಿರುವುದು ನನ್ನ ಮಾತೇ ಉಸ್ತಾದ್, ಆದರೆ ನನಗೆ ಓದಲು ಬರುವುದಿಲ್ಲ; ಮನೆಯಲ್ಲಿ ಹೇಗೆ ಹೇಳಿಕೊಡಲಿ?” ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ನಮ್ಮಲ್ಲಿ ಕುರ್‌ಆನ್‌ನ ಕನ್ನಡ ಅನುವಾದಗಳಿವೆ, ಹದೀಸ್ ಸಂಗ್ರಹಗಳಿವೆ, ಅವೆಲ್ಲ ದೊಡ್ಡವರಿಗೆ. ಆ ತಾಯಿ ಮಗನೊಡನೆ ಕುಳಿತು ಪದಕ್ಕೆ ಪದ ಜೋಡಿಸಿ ಓದಬಹುದಾದ ಒಂದು ಕನ್ನಡದ ‘ನಿಸಾಬ್’ ತೆಗೆದುಕೊಡಲು ನನ್ನ ಕಪಾಟಿನಲ್ಲಿ ಇರಲಿಲ್ಲ.

ಅಂದಿನಿಂದ ನಾನೊಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಪದ್ಯ ಕಟ್ಟುವ ಶಕ್ತಿ ನನಗಿಲ್ಲ, ಬರೀ ಪಟ್ಟಿ. ಮೊದಲ ಪುಟ ಬಿಸ್ಮಿಲ್ಲಾಹ್ ಸೇರಿ 29 ಪದಗಳ ಸೂರಃ ಫಾತಿಹಾ. ಬರೆಯುತ್ತ ಹೋದಂತೆ ತಿಳಿದದ್ದೇನೆಂದರೆ, ಕನ್ನಡದ ಮಗು ಇಲ್ಲಿಗೆ ಬರಿಗೈಯಲ್ಲಿ ಬರುವುದಿಲ್ಲ. ಅಂಗಡಿಯ ‘ಮಾಲೀಕ’ ಅದಕ್ಕೆ ಗೊತ್ತು. ಅಲ್ಲಿಂದ ಅಂತಿಮ ದಿನದ ‘ಮಾಲಿಕ್’ನತ್ತ ಹೆಜ್ಜೆ ದೂರವಿಲ್ಲ. ‘ಇನಾಮು’ ಗೊತ್ತು, ‘ಅನ್‌ಅಮ್ತ’ ಎಂಬಲ್ಲಿರುವುದು ಅದೇ ಧಾತು, ಅನುಗ್ರಹಿಸುವುದು. ಹಾಜರಿ ಪುಸ್ತಕದ ‘ಗೈರುಹಾಜರಿ’ ಗೊತ್ತು. ‘ಗೈರಿಲ್ ಮಗ್ದೂಬಿ’ ಎಂಬಲ್ಲಿ ಅದೇ ‘ಗೈರ್’, ಅಲ್ಲದ ಎಂಬ ಅರ್ಥದಲ್ಲಿ. ಶತಮಾನಗಳ ಆಡಳಿತದ ಒಡನಾಟದಿಂದ ಅರಬಿ ಪದಗಳು ಫಾರ್ಸಿಯ ಮೂಲಕ ಕನ್ನಡಕ್ಕೆ ಬಂದು ನೆಲೆಸಿವೆ: ಹಕ್ಕು, ಹುಕುಂ, ವಕೀಲ, ಅಸಲು, ನಕಲು, ತಾರೀಖು. ಕೆಲವು ದಾರಿಯಲ್ಲಿ ವೇಷ ಬದಲಿಸಿವೆ, ಅಲ್ಲಿ ಎಚ್ಚರ ಬೇಕು. ಅರಬಿಯಲ್ಲಿ ‘ಸುಆಲ್’ ಎಂದರೆ ಪ್ರಶ್ನೆ, ಕನ್ನಡದ ‘ಸವಾಲು’ ಪಂಥಾಹ್ವಾನ. ಪಾಠವನ್ನು ಮತ್ತೆ ಮತ್ತೆ ಹೇಳಿಕೊಳ್ಳುವುದಕ್ಕೆ ಮದ್ರಸಗಳಲ್ಲಿ ‘ತಕ್ರಾರ್’ ಎನ್ನುತ್ತಾರೆ. ಮಗ್ರಿಬ್ ನಮಾಝ್‌ನ ಬಳಿಕ ತಕ್ರಾರ್ ಇದೆ ಎಂದು ಹೇಳಿದಾಗ ಹೊಸದಾಗಿ ಸೇರಿದ ಹುಡುಗನೊಬ್ಬ ಜಗಳ ಯಾರ ನಡುವೆ ಎಂದು ಕೇಳಿದ್ದ.

ಈಗ ಪಟ್ಟಿಯನ್ನು ಮಕ್ಕಳೇ ಬೆಳೆಸುತ್ತಿದ್ದಾರೆ. ಮನೆಯಲ್ಲಿ ತಂದೆತಾಯಂದಿರನ್ನು ಕೇಳಿ, ವಾರಕ್ಕೆ ಒಂದು ಪದ ಹುಡುಕಿ ತರಬೇಕೆಂಬುದು ನಿಯಮ. ಮೊನ್ನೆ ಐದನೆಯ ತರಗತಿಯ ಹುಡುಗಿಯೊಬ್ಬಳು ಸೂರಃ ನಸ್ರ್‌ನ ‘ಯದ್‌ಖುಲೂನ’ ಎಂಬ ಪದದ ಮೇಲೆ ಬೆರಳಿಟ್ಟು, ಜನರು ಗುಂಪುಗುಂಪಾಗಿ ಪ್ರವೇಶಿಸುವುದು ಎಂದು ನೀವು ಅರ್ಥ ಹೇಳಿದ್ದೀರಿ, ಹಾಗಾದರೆ ನಮ್ಮ ಶಾಲೆಯ ‘ದಾಖಲಾತಿ’ಯೂ ಇದೇ ಮನೆಯದ್ದೇ ಎಂದು ಕೇಳಿದಳು. ಹೌದು ಎಂದೆ. ಆ ಪದ ನನ್ನ ನೋಟ್‌ಬುಕ್‌ನಲ್ಲಿ ಇರಲಿಲ್ಲ; ಅವಳ ಕೈಯಿಂದಲೇ ಬರೆಸಿದೆ.