ಇದ್ದಿಲು ನೀರು ಕುಡಿದಾಗ

ನಿಪ್ಪಾಣಿಯ ತಂಬಾಕಿನ ವಖಾರಗಳಲ್ಲಿ ತೇವದ ಲೆಕ್ಕ ಗೊತ್ತಿಲ್ಲದವರಿಲ್ಲ. ಎಲೆ ಅತಿಯಾಗಿ ಒಣಗಿದರೆ ಕೈ ಸೋಕಿದೊಡನೆ ಪುಡಿಯಾಗಿ ಧೂಳೇಳುತ್ತದೆ. ತೇವ ಹೆಚ್ಚಾದರೆ ತೂಕ ಏರುತ್ತದೆ, ಬೂಷ್ಟು ಹಿಡಿಯುತ್ತದೆ. ಎಲೆಯ ಗುಣ ಕೆಡಿಸುವ ಈ ತೇವ, ಕೆಲಸಗಾರರು ಉಸಿರಾಡುವ ಗಾಳಿಯನ್ನು ಅಳೆಯಲು ಹೊರಟವರನ್ನೂ ದಾರಿ ತಪ್ಪಿಸಬಲ್ಲದು.

ಗಾಳಿ ಕೆಟ್ಟಿದೆ ಎಂದು ಮೂಗು ಹೇಳಿದರೆ ಸಾಲದು. ಮಾಲೀಕರ ಮುಂದೆ, ಅಧಿಕಾರಿಗಳ ಮುಂದೆ ಅಂಕಿ ಇಡಬೇಕು. ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮಿಲಿಗ್ರಾಂ ವಿಷವಿದೆ? ಬಣ್ಣ, ಅಂಟು, ಮುದ್ರಣದ ಶಾಯಿಗಳಲ್ಲಿನ ಟಾಲ್ಯೂಯಿನ್, ಅಸಿಟೋನ್‌ಗಳಂಥ ದ್ರಾವಕಗಳ ಆವಿಯ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಒದಗಿಸಿದ್ದು ಇದ್ದಿಲು.

ಇದ್ದಿಲಿನ ಈ ಶಕ್ತಿ ಜಗತ್ತಿಗೆ ಚೆನ್ನಾಗಿ ಅರಿವಾದದ್ದು ಯುದ್ಧದಲ್ಲಿ. 1915ರಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಕ್ಲೋರಿನ್ ಅನಿಲ ಬಿಟ್ಟಿತು. ಅದೇ ವರ್ಷ ರಷ್ಯಾದ ರಸಾಯನಶಾಸ್ತ್ರಜ್ಞ ನಿಕೊಲಾಯ್ ಜೆಲಿನ್‌ಸ್ಕಿ ಇದ್ದಿಲು ತುಂಬಿದ ಮುಖವಾಡ ರೂಪಿಸಿದರು. 1918ರ ಹೊತ್ತಿಗೆ ಅಮೆರಿಕದಲ್ಲಿ ಮುಖವಾಡಗಳಿಗಾಗಿ ತೆಂಗಿನ ಚಿಪ್ಪು, ಪೀಚ್ ಹಣ್ಣಿನ ಗೊರಟೆಗಳನ್ನು ಜನರಿಂದ ಸಂಗ್ರಹಿಸಲಾಗುತ್ತಿತ್ತು. ನಮ್ಮಲ್ಲಿ ಒಲೆಗೆ ಹಾಕುವ ಚಿಪ್ಪು ಅಲ್ಲಿ ಸೈನಿಕರ ಪ್ರಾಣ ಕಾಯಲು ಹೊರಟಿತ್ತು!

ಯುದ್ಧದಲ್ಲಿ ವಿಷವನ್ನು ತಡೆದ ಇದ್ದಿಲು ಮುಂದೆ ಕಾರ್ಖಾನೆಗಳಲ್ಲಿ ವಿಷವನ್ನು ಹಿಡಿದು ತೋರಿಸುವ ಸಾಧನವಾಯಿತು. 1970ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ವಿಧಾನವೊಂದು ಇದಕ್ಕೆ ಭದ್ರ ರೂಪ ಕೊಟ್ಟಿತು. ಸುಮಾರು 7 ಸೆಂ.ಮೀ. ಉದ್ದದ ಗಾಜಿನ ಕೊಳವೆ. ಅದರ ಮುಂಭಾಗದಲ್ಲಿ 100 ಮಿಲಿಗ್ರಾಂ, ಹಿಂಭಾಗದಲ್ಲಿ 50 ಮಿಲಿಗ್ರಾಂ ತೆಂಗಿನ ಚಿಪ್ಪಿನ ಇದ್ದಿಲು. ಕಾರ್ಮಿಕನ ಅಂಗಿಯ ಕಾಲರಿಗೆ ಕೊಳವೆ, ಸೊಂಟಕ್ಕೆ ಪುಟ್ಟ ಪಂಪು. ಪಾಳಿ ಮುಗಿದ ಮೇಲೆ ಇದ್ದಿಲನ್ನು ಕಾರ್ಬನ್ ಡೈಸಲ್ಫೈಡ್‌ನಲ್ಲಿ ನೆನೆಸಿ, ಅದು ಹಿಡಿದದ್ದೇನು, ಎಷ್ಟು ಎಂದು ಪ್ರಯೋಗಾಲಯದಲ್ಲಿ ಅಳೆಯುತ್ತಾರೆ.

ಹಿಂಭಾಗದ ಆ 50 ಮಿಲಿಗ್ರಾಂ ಇರುವುದು ಕಾವಲಿಗೆ. ಮುಂಭಾಗ ಹಿಡಿದದ್ದರ ಶೇ. 10ಕ್ಕಿಂತ ಹೆಚ್ಚು ಹಿಂದೆ ಸಿಕ್ಕಿತೆಂದರೆ, ಕೊಳವೆ ತುಂಬಿ ಆವಿ ಹೊರಗೆ ಸೋರಿರಬಹುದು ಎಂದರ್ಥ.

ಮಳೆಗಾಲದಲ್ಲಿ ಆಗುವುದು ಇದೇ. ಇದ್ದಿಲಿನೊಳಗೆ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳಿವೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 50 ದಾಟುವ ತನಕ ಇದ್ದಿಲಿಗೆ ನೀರಿನ ಗೊಡವೆ ಕಡಿಮೆ. ಅನಂತರ ನೀರಿನಾವಿ ಆ ಕಿರಿದಾದ ರಂಧ್ರಗಳಲ್ಲಿ ಹನಿಗಟ್ಟತೊಡಗುತ್ತದೆ. ಗಾಳಿ ಪೂರ್ತಿ ತೇವದಿಂದ ತುಂಬುವ ಮೊದಲೇ ಇಕ್ಕಟ್ಟಾದ ಜಾಗದಲ್ಲಿ ನೀರು ಕೂಡಿಕೊಳ್ಳುವುದೇಕೆ ಎಂಬುದನ್ನು ಲಾರ್ಡ್ ಕೆಲ್ವಿನ್ 1871ರಲ್ಲೇ ವಿವರಿಸಿದ್ದರು. ನೀರು ಜಾಗ ಹಿಡಿದ ಮೇಲೆ ದ್ರಾವಕಕ್ಕೆ ಉಳಿಯುವ ಜಾಗ ಕಡಿಮೆ. ಅದು ಬೇಗನೆ ಸೋರಿ ಹೋಗುತ್ತದೆ. ಅಸಿಟೋನ್, ಮದ್ಯಸಾರಗಳ ಮಟ್ಟಿಗೆ ಇನ್ನೊಂದು ತೊಡಕೂ ಇದೆ. ನೀರು ಕಾರ್ಬನ್ ಡೈಸಲ್ಫೈಡ್‌ನೊಡನೆ ಬೆರೆಯದೆ ಬೇರೆ ಪದರವಾಗಿ ನಿಲ್ಲುತ್ತದೆ, ನೀರಲ್ಲಿ ಕರಗುವ ದ್ರಾವಕದ ಪಾಲು ಅಲ್ಲೇ ಉಳಿದುಬಿಡುತ್ತದೆ.

ಫಲವೇನು? ಕಾಗದದ ಮೇಲೆ ಗಾಳಿ ಇದ್ದದ್ದಕ್ಕಿಂತ ಶುದ್ಧವಾಗಿ ಕಾಣಬಹುದು. ತಪ್ಪು ಯಾವಾಗಲೂ ಕಾರ್ಮಿಕನ ವಿರುದ್ಧವೇ ವಾಲುತ್ತದೆ. ಆದ್ದರಿಂದ ಬಲ್ಲವರು ಪಂಪನ್ನು ನಿಧಾನಗೊಳಿಸಿ ಕಡಿಮೆ ಗಾಳಿ ಎಳೆಯುತ್ತಾರೆ, ಕೊಳವೆಗಳನ್ನು ಬೇಗ ಬೇಗ ಬದಲಿಸುತ್ತಾರೆ, ಅಂದಿನ ಆರ್ದ್ರತೆಯನ್ನೂ ಬರೆದಿಡುತ್ತಾರೆ. ಸಿಲಿಕಾ ಜೆಲ್ ಬಳಸಿದರೆ ಆಗದೇ ಎಂದರೆ, ಅದು ಇದ್ದಿಲಿಗಿಂತಲೂ ನೀರಿನ ಆಸೆಬುರುಕ.

ವಖಾರಗಳಲ್ಲಿ ಥಿನ್ನರ್ ಇಲ್ಲ, ನಿಜ. ಅಲ್ಲಿರುವುದು ಧೂಳು ಮತ್ತು ನಿಕೋಟಿನ್. 1828ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಪೊಸೆಲ್ಟ್ ಮತ್ತು ರೈಮನ್ ಇದನ್ನು ಎಲೆಯಿಂದ ಬೇರ್ಪಡಿಸಿದರು. ಅಮೆರಿಕದ ಕಾರ್ಖಾನೆಗಳಲ್ಲಿ ಇದಕ್ಕೆ ಎಂಟು ತಾಸಿನ ಸರಾಸರಿ ಮಿತಿ ಘನ ಮೀಟರಿಗೆ 0.5 ಮಿಲಿಗ್ರಾಂ. ಇದರ ಆವಿ ಹಿಡಿಯಲು ಇದ್ದಿಲಿನ ಬದಲು ಎಕ್ಸ್‌ಎಡಿ ಎಂಬ ರಾಳದ ಮಣಿಗಳನ್ನು ಬಳಸುತ್ತಾರೆ. ಅವು ನೀರನ್ನು ಅಷ್ಟಾಗಿ ಹತ್ತಿರ ಸೇರಿಸುವುದಿಲ್ಲ. ಧೂಳನ್ನು ಹಿಡಿಯುವ ಸೋಸುಹಾಳೆಗೆ ಮಾತ್ರ ತೇವದ ಕಾಟ ತಪ್ಪಿದ್ದಲ್ಲ: ತೇವ ಹೀರಿದ ಹಾಳೆ ಧೂಳಿಲ್ಲದೆಯೂ ಭಾರವಾಗುತ್ತದೆ. ಮೇಲಾಗಿ, ಜುಲೈ ತಿಂಗಳಲ್ಲಿ ಮೆತ್ತಗಾದ ಎಲೆಯ ಧೂಳನ್ನು ಅಳೆದು ಏಪ್ರಿಲ್‌ನ ವಖಾರದ ಗಾಳಿಗೆ ತೀರ್ಪು ಕೊಟ್ಟರೆ ಹೇಗೆ?

ಇಲ್ಲಿನ ಹೆಂಗಸರು ಸಂಘಟಿತರಾದ ಕಥೆಯನ್ನು ದೀಪಾ ಧನರಾಜ್ ಮತ್ತು ಸಂಗಡಿಗರ ‘ಯುಗಾಂತರ್’ ತಂಡ 1982ರಲ್ಲಿ ಚಿತ್ರವಾಗಿಸಿತು. ಬೀಡಿ ಮತ್ತು ಸಿಗಾರ್ ಕಾರ್ಮಿಕರಿಗಾಗಿ 1966ರಲ್ಲಿ ಬಂದ ಕಾಯ್ದೆ ಗಾಳಿ ಬೆಳಕಿನ ಮಾತಾಡಿತ್ತು. ಭೋಪಾಲ್ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ಗಾಳಿಯಲ್ಲಿನ ವಿಷಗಳ ಮಿತಿಪಟ್ಟಿಯೇ ಸೇರಿತು. ಮಿತಿ ಎಷ್ಟೇ ಬಿಗಿಯಾಗಿರಲಿ, ಅದು ನಿಂತಿರುವುದು ಆ ಕೊಳವೆ, ಆ ಹಾಳೆಯ ಮೇಲೆಯೇ.

ತೇವಕ್ಕೆ ಇನ್ನೊಂದು ಮುಖವೂ ಇದೆ. ನಿಕೋಟಿನ್ ನೀರಿನಲ್ಲಿ ಕರಗುತ್ತದೆ, ಚರ್ಮದ ಮೂಲಕವೂ ಒಳಸೇರುತ್ತದೆ. ಇಬ್ಬನಿ ಬಿದ್ದ ತಂಬಾಕು ಕೊಯ್ಯುವವರಿಗೆ ತಲೆಸುತ್ತು, ವಾಂತಿ ಬರುವುದನ್ನು 1970ರಲ್ಲಿ ಫ್ಲಾರಿಡಾದ ವೈದ್ಯರು ದಾಖಲಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 1970 ಮತ್ತು 80ರ ದಶಕಗಳಲ್ಲಿ ತಂಬಾಕು ಕೂಲಿಕಾರರಲ್ಲಿ ಈ ಕಾಯಿಲೆಯನ್ನು ಅಧ್ಯಯನ ಮಾಡಿತು. ಒದ್ದೆ ಕೈಯಿಂದ ಒಳಹೊಕ್ಕ ವಿಷ ಕಾಲರಿನ ಕೊಳವೆಗೆ ಸಿಗುವುದೇ ಇಲ್ಲ. ಅದನ್ನು ಹುಡುಕಬೇಕಾದದ್ದು ಕಾರ್ಮಿಕರ ಮೂತ್ರದಲ್ಲಿ. ದೇಹ ನಿಕೋಟಿನ್ ಅನ್ನು ಜೀರ್ಣಿಸಿದಾಗ ಉಂಟಾಗುವ ಕೊಟಿನಿನ್, ಅಂದು ಮಳೆಯಿತ್ತೋ ಬಿಸಿಲಿತ್ತೋ ಎಂದು ನೋಡದೆ ಅಲ್ಲಿ ಕಾಣಿಸಿಕೊಳ್ಳುತ್ತದೆ.