ಹವ್ಯಾಸಿಗಳೆಂದರೆ ಯಾರು?

ಕನ್ನಡ ಹವ್ಯಾಸಿ ರಂಗಭೂಮಿಯ ಚರಿತ್ರೆ ಬರೆಯುವವರು 1909ನ್ನು ಮರೆಯುವುದಿಲ್ಲ. ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿದ ವರ್ಷವದು. ಬಳ್ಳಾರಿಯ ವಕೀಲ ರಾಘವಾಚಾರ್ಯರು ಇದರ ನಾಟಕಗಳಲ್ಲಿ ಬಣ್ಣ ಹಚ್ಚಿದರು. 1919ರಲ್ಲಿ ರವೀಂದ್ರನಾಥ ಟಾಗೋರರು ಸಂಘದ ಆಹ್ವಾನದ ಮೇರೆಗೆ ಬೆಂಗಳೂರಿಗೆ ಬಂದರು. ಭೂಗರ್ಭ ಇಲಾಖೆಯ ನೌಕರರಾಗಿದ್ದ ಟಿ.ಪಿ. ಕೈಲಾಸಂ 'ಟೊಳ್ಳುಗಟ್ಟಿ'ಯಂಥ ನಾಟಕಗಳಲ್ಲಿ ರಾಜರಾಣಿಯರನ್ನು ಬಿಟ್ಟು ಮಧ್ಯಮವರ್ಗದ ಮನೆಮಾತನ್ನು ರಂಗಕ್ಕೆ ತಂದರು. ಟಿಕೆಟ್ ಮಾರಾಟವಾಗದಿದ್ದರೆ ಕಂಪೆನಿ ಮುಚ್ಚಬೇಕು. ಇವರಿಗಾದರೋ ಸಂಬಳ ಬೇರೆಡೆಯಿಂದ ಬರುತ್ತಿತ್ತು. ಧೈರ್ಯಕ್ಕೆ ಅದೂ ಒಂದು ಕಾರಣ.

ಆದರೆ ಅದೇ ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ಮಾಕಳಿಯ ಕಡೆ ಹೊರಟರೆ ಸಿಗುವ ಸೀಮೆಯ ಹವ್ಯಾಸಿಗಳು ಈ ಚರಿತ್ರೆಯಲ್ಲಿ ಕಾಣುವುದು ಅಪರೂಪ. ಇಲ್ಲಿನ ಹಳ್ಳಿಗಳಲ್ಲಿ ಬೇಸಾಯಗಾರರು ಹಾರ್ಮೋನಿಯಂ ಮೇಷ್ಟರ ಮುಂದೆ ತಿಂಗಳುಗಟ್ಟಲೆ ಕೂತು 'ಕುರುಕ್ಷೇತ್ರ' ಕಲಿಯುತ್ತಾರೆ. ಪಾತ್ರಕ್ಕೆ ತಾವೇ ಹಣ ಹಾಕುತ್ತಾರೆ. ದುರ್ಯೋಧನನಾಗಬೇಕೆಂದರೆ ಜೇಬು ಇನ್ನಷ್ಟು ಭಾರವಿರಬೇಕು! ಕಿರೀಟ, ಗದೆ, ಸೀನರಿ ಎಲ್ಲವೂ ಬಾಡಿಗೆಯವು. ಬೆಳಗಿನವರೆಗೂ ಆಟ, ಟಿಕೆಟ್ ಇಲ್ಲ. ದುಡ್ಡು ಪಡೆಯದೆ ನಟಿಸುವವನು ಹವ್ಯಾಸಿಯಾದರೆ, ದುಡ್ಡು ಕೊಟ್ಟು ನಟಿಸುವವನನ್ನು ಏನೆಂದು ಕರೆಯೋಣ?

ಇವರ ಹೆಸರುಗಳು ಅಚ್ಚಾಗುವುದು ನಾಟಕದ ಕರಪತ್ರದಲ್ಲಿ. ಅಂಥ ಹಳೆಯ ಹಾಳೆ ನಿಮ್ಮ ಮನೆಯ ಟ್ರಂಕಿನಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.