ಶಸ್ತ್ರಚಿಕಿತ್ಸೆಯಲ್ಲಿ ಲೋಪ: ಪರಿಹಾರ ಮತ್ತು ಕಾನೂನು ನೆರವು

ಹನೂರು ತಾಲ್ಲೂಕಿನ ಗೋಪಿನಾಥಂ ಗ್ರಾಮವು ತಮಿಳುನಾಡಿನ ಗಡಿಯಲ್ಲಿದ್ದು, ಇಲ್ಲಿನ ರೋಗಿಯು ಶಸ್ತ್ರಚಿಕಿತ್ಸೆಗೆ ಮೈಸೂರಿಗೂ ಹೋಗಬಹುದು, ಸೇಲಂಗೂ ಹೋಗಬಹುದು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಿರ್ಲಕ್ಷ್ಯದ ದೂರನ್ನು ಆಸ್ಪತ್ರೆಯಿರುವ ಅಥವಾ ವ್ಯಾಜ್ಯಕಾರಣ ಉದ್ಭವಿಸಿದ ಜಿಲ್ಲೆಯಲ್ಲಿಯೇ ಸಲ್ಲಿಸಬೇಕಾಗಿತ್ತು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಕಾಯ್ದೆಯ 34ನೇ ಪ್ರಕರಣದನ್ವಯ, ಆಸ್ಪತ್ರೆಯು ಹೊರರಾಜ್ಯದಲ್ಲಿದ್ದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ, ಅಂದರೆ ಚಾಮರಾಜನಗರ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ, ದೂರು ದಾಖಲಿಸಬಹುದಾಗಿದೆ. ಗಡಿಭಾಗದವರಿಗೆ ಇದು ಸಣ್ಣ ಅನುಕೂಲವಲ್ಲ.

ವ್ಯಾಜ್ಯಕಾರಣ ಉದ್ಭವಿಸಿದ ದಿನಾಂಕದಿಂದ 2 ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ಸಕಾರಣವಿದ್ದಲ್ಲಿ ಆಯೋಗವು ವಿಳಂಬವನ್ನು ಮನ್ನಿಸಬಹುದು. ಆಸ್ಪತ್ರೆಗೆ ಪಾವತಿಸಿದ ಮೊತ್ತ 5 ಲಕ್ಷ ರೂ. ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ.

ಚಿಕಿತ್ಸೆ ಫಲಿಸದ ಮಾತ್ರಕ್ಕೆ ಅದು ನಿರ್ಲಕ್ಷ್ಯವೆನಿಸದು. ವೈದ್ಯರಿಂದ ಸಾಮಾನ್ಯವಾಗಿ ನಿರೀಕ್ಷಿಸುವ ಎಚ್ಚರಿಕೆ ತಪ್ಪಿರಬೇಕು. ಆದುದರಿಂದ ದಾಖಲೆಗಳೇ ಮುಖ್ಯ. ಬಿಡುಗಡೆ ಚೀಟಿಯೊಂದೇ ಸಾಲದು. ಶಸ್ತ್ರಚಿಕಿತ್ಸಾ ಟಿಪ್ಪಣಿ, ಅರಿವಳಿಕೆ ದಾಖಲೆ, ಒಪ್ಪಿಗೆ ಪತ್ರ, ರಸೀದಿಗಳ ಪ್ರತಿಗಳೂ ಬೇಕು. ಒಳರೋಗಿಯು ಅಥವಾ ಆತನ ಅಧಿಕೃತ ಪ್ರತಿನಿಧಿಯು ಕೋರಿದಲ್ಲಿ ವೈದ್ಯಕೀಯ ದಾಖಲೆಗಳನ್ನು 72 ಗಂಟೆಗಳೊಳಗೆ ನೀಡಬೇಕೆಂದು 2002ರ ವೈದ್ಯಕೀಯ ನೀತಿ ನಿಯಮಗಳು ವಿಧಿಸಿವೆ. ಅರ್ಜಿಯನ್ನು ಬರೆದುಕೊಟ್ಟು ಸ್ವೀಕೃತಿ ಪಡೆಯುವುದು ಸೂಕ್ತ.

ಎಲ್ಲರಿಗೂ ಸಂಪೂರ್ಣ ಉಚಿತ ಚಿಕಿತ್ಸೆ ನೀಡುವ ಆಸ್ಪತ್ರೆಗಳು ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿದೆ. ಅಂತಹ ಸಂದರ್ಭದಲ್ಲಿ ಸಿವಿಲ್ ನ್ಯಾಯಾಲಯದ ಮೊರೆ ಹೋಗಬಹುದು. ಸಂತಾನಹರಣ ಶಸ್ತ್ರಚಿಕಿತ್ಸೆ ವಿಫಲವಾದ ಹರಿಯಾಣದ ಬಡ ಮಹಿಳೆಯೊಬ್ಬರಿಗೆ ಸರ್ಕಾರವೇ ಪರಿಹಾರ ನೀಡಬೇಕೆಂಬ ಆದೇಶವನ್ನು ಅದೇ ನ್ಯಾಯಾಲಯವು 2000ದಲ್ಲಿ ಎತ್ತಿಹಿಡಿದಿದೆ. ವೈದ್ಯಕೀಯ ಪರಿಷತ್ತು ವೈದ್ಯರ ಮೇಲೆ ಶಿಸ್ತುಕ್ರಮ ಜರುಗಿಸಬಲ್ಲದು, ಪರಿಹಾರ ಕೊಡಿಸಲಾರದು.

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದವರು ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತವಾಗಿ ವಕೀಲರ ನೆರವು ಪಡೆಯಲು ಅರ್ಹರಾಗಿರುತ್ತಾರೆ.